ದುರ್ಗ, ದಾವಣಗೆರೆಯಿಂದ ಹಡಗಿಗೆ: ಮೊದಲೇ ಮಾಡಿಟ್ಟುಕೊಳ್ಳಬೇಕಾದ ತೀರ್ಮಾನಗಳು

ಮರ್ಚೆಂಟ್ ನೇವಿ ಸೇರಬೇಕು ಅನ್ನುವ ಮಾತು ನಮ್ಮ ಕಡೆಯ ಮನೆಗಳಲ್ಲಿ ಏಳುವುದು ಹೆಚ್ಚಾಗಿ ದ್ವಿತೀಯ ಪಿಯು ಫಲಿತಾಂಶ ಬಂದ ವಾರದಲ್ಲಿ. ಅಷ್ಟು ಹೊತ್ತಿಗೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ (ಐಎಂಯು) ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಗಡುವು ಮುಗಿಯುತ್ತಾ ಬಂದಿರುತ್ತದೆ. ಪಾಸ್‌ಪೋರ್ಟ್ ಆಗಿರುವುದಿಲ್ಲ, ಕಣ್ಣು ತೋರಿಸಿರುವುದಿಲ್ಲ, ಈಜು ಬರುವುದಿಲ್ಲ. ಆ ಗಾಬರಿಯಲ್ಲೇ ಯಾರೋ ಒಬ್ಬ ದಲ್ಲಾಳಿಯ ನಂಬರ್ ಸಿಗುತ್ತದೆ. ಸಮುದ್ರದ ಮೇಲೆ ಅವಘಡಗಳು ಬೆಳೆಯುವುದೂ ಇದೇ ಕ್ರಮದಲ್ಲಿ. ಸಮಯ ಇದ್ದಾಗ ನೋಡುತ್ತಾ ಕೂತರು, ಸಮಯ ಮೀರಿದ ಮೇಲೆ ಕೈಗೆ ಸಿಕ್ಕಿದ್ದನ್ನು ಮಾಡಿದರು.

ಹಡಗಿನಲ್ಲಿ ಚುರುಕಾಗಿ ನಡೆದುಕೊಳ್ಳುವವರು ಆ ಗಳಿಗೆಯಲ್ಲಿ ಹೊಸದಾಗಿ ಯೋಚಿಸುತ್ತಿರುವುದಿಲ್ಲ. ಇಂಥದ್ದು ಕಂಡರೆ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಹತ್ತಾರು ಸಲ ಅಭ್ಯಾಸ ಮಾಡಿರುತ್ತಾರೆ. ಆ ಅಭ್ಯಾಸವನ್ನು ಸಮುದ್ರ ಕಾಣದ ಊರಿನಲ್ಲೇ ಶುರುಮಾಡಬಹುದು. ಹೇಗೆ ಎಂಬುದನ್ನು ಊರಿನಿಂದ ಬ್ರಿಜ್‌ವರೆಗೆ, ಅಂದರೆ ಹಡಗು ನಡೆಸುವ ಕೋಣೆಯವರೆಗೆ, ಒಂದೊಂದಾಗಿ ಬರೆದಿದ್ದೇವೆ.

ಮೊದಲು ಕಣ್ಣು ತೋರಿಸಿ

ಬೇರೆ ಯಾವುದಕ್ಕೂ ಹಣ ಖರ್ಚು ಮಾಡುವ ಮುಂಚೆ ಕಣ್ಣಿನ ವೈದ್ಯರ ಬಳಿ ಹೋಗಿ ಎರಡು ಪರೀಕ್ಷೆ ಮಾಡಿಸಿ: ಕನ್ನಡಕವಿಲ್ಲದೆ ದೂರದೃಷ್ಟಿ, ಮತ್ತು ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆ. ರಾತ್ರಿ ಹೊತ್ತು ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದು ಅದರ ಕೆಂಪು, ಹಸಿರು ದೀಪಗಳಿಂದ. ಹಾಗಾಗಿ ಬಣ್ಣಗುರುಡು ಇದ್ದವರಿಗೆ ಹಡಗು ನಡೆಸುವ ಡೆಕ್ ಕಡೆಯೂ ಇಲ್ಲ, ಯಂತ್ರ ನೋಡಿಕೊಳ್ಳುವ ಇಂಜಿನ್ ಕಡೆಯೂ ಇಲ್ಲ. ದೃಷ್ಟಿಯಲ್ಲಿ ಡೆಕ್ ಕಡೆ ನಿಯಮ ಬಿಗಿ, ಇಂಜಿನ್ ಕಡೆ ಕನ್ನಡಕಕ್ಕೆ ಒಂದು ಮಿತಿಯವರೆಗೆ ಅವಕಾಶ ಇದೆ. ಕೊನೆಯ ಮಾತು ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಪಡೆದ ವೈದ್ಯರದ್ದು; ಅವರ ಪಟ್ಟಿ ಆ ಇಲಾಖೆಯ ವೆಬ್‌ಸೈಟ್‌ನಲ್ಲಿದೆ. ಊರಿನಲ್ಲೇ ಒಮ್ಮೆ ತೋರಿಸಿಕೊಂಡರೆ, ಕೋರ್ಸಿನ ಶುಲ್ಕ ಕಟ್ಟಿದ ಮೇಲೆ ಅನರ್ಹ ಎಂದು ವಾಪಸ್ ಬರುವ ಸಂಕಟ ತಪ್ಪುತ್ತದೆ. ಇದು ಪ್ರಥಮ ಪಿಯುನಲ್ಲೇ ಆಗಬೇಕಾದ ಕೆಲಸ.

ಯಾವ ದಾರಿ

ಪಿಸಿಎಂ ತೆಗೆದುಕೊಂಡ ಪಿಯು ವಿದ್ಯಾರ್ಥಿಗೆ ಮೂರು ದಾರಿ ಇವೆ. ನಾಲ್ಕು ವರ್ಷದ ಬಿ.ಟೆಕ್ ಮೆರೈನ್ ಇಂಜಿನಿಯರಿಂಗ್, ಮೂರು ವರ್ಷದ ಬಿ.ಎಸ್ಸಿ ನಾಟಿಕಲ್ ಸೈನ್ಸ್, ಒಂದು ವರ್ಷದ ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್, ಅಂದರೆ ಡಿಎನ್‌ಎಸ್. ಪಿಸಿಎಂ ಸರಾಸರಿ ಶೇ. 60, ಇಂಗ್ಲಿಷ್‌ನಲ್ಲಿ ಶೇ. 50 ಇರಬೇಕು. ಮೀಸಲಾತಿ, ವಯಸ್ಸಿನ ರಿಯಾಯಿತಿ ವಿವರಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ. ದಾವಣಗೆರೆಯ ಬಿಐಇಟಿ, ಯುಬಿಡಿಟಿ ಅಥವಾ ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಹಡಗಿನ ಇಂಜಿನಿಯರ್ ಆಗಲು ಒಂದು ವರ್ಷದ ಜಿಎಂಇ ಕೋರ್ಸ್ ಇದೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರಿಗೆ ಹಡಗಿನ ವಿದ್ಯುತ್ ಅಧಿಕಾರಿಯಾಗಲು ಸುಮಾರು ನಾಲ್ಕು ತಿಂಗಳ ಇಟಿಒ ಕೋರ್ಸ್ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ನಾವಿಕರಾಗಲು ಆರು ತಿಂಗಳ ಜಿಪಿ ರೇಟಿಂಗ್ ಇದೆ, ಅಡುಗೆ ಕಡೆಗೆ ಸಿಸಿಎಂಸಿ ಎಂಬ ಕೋರ್ಸ್ ಇದೆ.

ಇವುಗಳಲ್ಲಿ ಡಿಎನ್‌ಎಸ್ ಬಗ್ಗೆ ಮಾತ್ರ ಒಂದು ಖಡಾಖಂಡಿತ ಮಾತು: ಕಂಪನಿಯ ಸ್ಪಾನ್ಸರ್‌ಶಿಪ್ ಪತ್ರ ಕೈಗೆ ಬರದೆ ಸೇರಬೇಡಿ. ಕೋರ್ಸ್ ಒಂದೇ ವರ್ಷದ್ದಾದರೂ ಡೆಕ್ ಅಧಿಕಾರಿಯಾಗುವ ಮೊದಲ ಮೆಟ್ಟಿಲಾದ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಲು 18 ತಿಂಗಳ ಸಮುದ್ರ ಸೇವೆ ಬೇಕು. ಹತ್ತಿಸಿಕೊಳ್ಳುವ ಹಡಗಿಲ್ಲದಿದ್ದರೆ ಆ ಸರ್ಟಿಫಿಕೇಟ್ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಬಿ.ಎಸ್ಸಿ ಮಾಡಿದವರಿಗೆ 12 ತಿಂಗಳು ಸಾಕು.

ಇಲ್ಲೇ ಮೊದಲ ತೀರ್ಮಾನ ಬರೆದಿಡಿ. ಇಂಥ ತಾರೀಖಿನೊಳಗೆ ಸ್ಪಾನ್ಸರ್‌ಶಿಪ್ ಬರದಿದ್ದರೆ ಇಂಥ ಕೋರ್ಸ್, ಇಂಥ ಸಂಖ್ಯೆಗಿಂತ ರ‍್ಯಾಂಕ್ ಹಿಂದೆ ಹೋದರೆ ಮೆಕ್ಯಾನಿಕಲ್ ಓದಿ ಜಿಎಂಇ ದಾರಿ, ಹೀಗೆ. ಅಪ್ಪ ಅಮ್ಮನ ಎದುರು ಕೂತು, ಹಣದ ಲೆಕ್ಕ ಸಮೇತ ಬರೆಯಿರಿ. ಜೊತೆಗೆ ಇನ್ನೊಂದು ವಿಷಯವನ್ನೂ ಅದೇ ದಿನ ಮಾತಾಡಿಬಿಡಿ. ಒಮ್ಮೆ ಹಡಗು ಹತ್ತಿದರೆ ಆರರಿಂದ ಒಂಬತ್ತು ತಿಂಗಳು ಮನೆ ಇಲ್ಲ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು, ಅಕ್ಕನ ಮದುವೆ, ಯಾವುದಕ್ಕೂ ಬರಲಾಗದೆ ಇರಬಹುದು. ಇದನ್ನು ಒಪ್ಪಿಕೊಂಡ ಮನೆಯ ಹುಡುಗ ಹಡಗಿನಲ್ಲಿ ಕೆಲಸದ ಮೇಲೆ ಗಮನ ಇಡುತ್ತಾನೆ, ಒಪ್ಪದ ಮನೆಯವನು ಪ್ರತಿ ಫೋನ್ ಕರೆಗೂ ಅರ್ಧ ದಿನ ಕಳೆದುಕೊಳ್ಳುತ್ತಾನೆ.

ಕಾಗದಪತ್ರ ಮತ್ತು ದಲ್ಲಾಳಿಗಳು

ನಮ್ಮ ಕಡೆಯವರು ಎಡವುವ ಮೊದಲ ಜಾಗ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಬಿ’, ಆಧಾರ್‌ನಲ್ಲಿ ‘ಮಂಜುನಾಥ’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರು, ಊರಿನ ಹೆಸರು. ಮುಂದೆ ಇಂಡೋಸ್ ನಂಬರ್ (ನಾವಿಕರ ನೋಂದಣಿ ಸಂಖ್ಯೆ), ಸಿಡಿಸಿ (ನಾವಿಕರ ಗುರುತು ಮತ್ತು ಸೇವಾ ಪುಸ್ತಕ), ಎಸ್‌ಟಿಸಿಡಬ್ಲ್ಯು ತರಬೇತಿ ಸರ್ಟಿಫಿಕೇಟ್‌ಗಳು, ಎಲ್ಲದರಲ್ಲೂ ಹೆಸರು, ಹುಟ್ಟಿದ ದಿನ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಆದ್ದರಿಂದ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಹಾಕಿ, ಪಾಸ್‌ಪೋರ್ಟ್‌ನಲ್ಲಿ ಬಂದ ರೂಪವನ್ನೇ ಮುಂದೆ ಎಲ್ಲ ಕಡೆ ಬಳಸಿ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೇ ಓಡಬೇಕಿಲ್ಲ. ಅರ್ಜಿ ತುಂಬುವಾಗ ಹತ್ತಿರದ ಅಂಚೆ ಕಚೇರಿ ಸೇವಾ ಕೇಂದ್ರ ಆರಿಸಿಕೊಳ್ಳಬಹುದು.

ಎರಡನೆಯದು ದುಡ್ಡು ಕೇಳುವವರು. ಭಾರತದಿಂದ ಹಡಗಿಗೆ ಜನ ಕಳುಹಿಸುವ ಯಾವುದೇ ಸಂಸ್ಥೆಗೆ ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು, ಮತ್ತು 2016ರ ನಿಯಮಗಳ ಪ್ರಕಾರ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಪರವಾನಗಿ ಸಂಖ್ಯೆ ಕೇಳಿ, ಇಲಾಖೆಯ ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ, ಅಲ್ಲಿ ಇರುವ ವಿಳಾಸ, ಫೋನ್‌ಗೆ ನೀವೇ ಕರೆ ಮಾಡಿ. ಅವರು ಕೊಟ್ಟ ಕಾರ್ಡಿನ ನಂಬರ್‌ಗೆ ಮಾಡಿದರೆ ಪ್ರಯೋಜನವಿಲ್ಲ. ಕೆಳಗಿನ ಮಾತುಗಳಲ್ಲಿ ಯಾವುದು ಬಂದರೂ ಎದ್ದು ಬನ್ನಿ:

- ಬೇರೆ ದೇಶದ ಸಿಡಿಸಿ ಹದಿನೈದು ದಿನದಲ್ಲಿ ಮಾಡಿಸಿಕೊಡುತ್ತೇವೆ.
- ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಹಡಗು ಹತ್ತಿಸುತ್ತೇವೆ.
- ಇವತ್ತೇ ಅಡ್ವಾನ್ಸ್ ಕೊಟ್ಟರೆ ಮಾತ್ರ ಸೀಟು.

ಮೂರನೆಯ ಮಾತಿಗೆ ಬಲಿಯಾಗುವವರೇ ಹೆಚ್ಚು. ತಡಮಾಡದೆ ತೀರ್ಮಾನಿಸುವುದಕ್ಕೂ ಇನ್ನೊಬ್ಬರ ಅವಸರಕ್ಕೆ ಓಗೊಡುವುದಕ್ಕೂ ಅಜಗಜಾಂತರ. ಪರವಾನಗಿ ಪರೀಕ್ಷಿಸದೆ ಒಂದು ರೂಪಾಯಿಯೂ ಇಲ್ಲ ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿದ್ದರೆ, ಆ ಹೊತ್ತಿನಲ್ಲಿ ಯೋಚಿಸುವುದೇನೂ ಉಳಿಯುವುದಿಲ್ಲ.

ಊರಿನಲ್ಲಿ ಇರುವಾಗಲೇ ಮಾಡುವ ಅಭ್ಯಾಸ

ಐಎಂಯು ಪ್ರವೇಶ ಪರೀಕ್ಷೆ 3 ಗಂಟೆಯಲ್ಲಿ 200 ಪ್ರಶ್ನೆ. ಒಂದಕ್ಕೆ 54 ಸೆಕೆಂಡ್. ಮನೆಯಲ್ಲಿ 40 ಪ್ರಶ್ನೆಯ ಕಂತು ಮಾಡಿ, 36 ನಿಮಿಷಕ್ಕೆ ಅಲಾರಾಂ ಇಟ್ಟು ಬಿಡಿಸಿ. ನಿಯಮ ಒಂದೇ. 20 ಸೆಕೆಂಡಿನಲ್ಲಿ ದಾರಿ ಹೊಳೆಯದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಬೇಕು. ಒಂದೇ ಲೆಕ್ಕಕ್ಕೆ ನಾಲ್ಕು ನಿಮಿಷ ಅಂಟಿಕೊಂಡು ಕೂರುವ ಚಾಳಿ ಇದ್ದವರು ಬ್ರಿಜ್ ಮೇಲೂ ಒಂದೇ ಪರದೆ ನೋಡುತ್ತಾ ಕಿಟಕಿ ಮರೆಯುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹಡಗಿನ ಇಂಗ್ಲಿಷ್ ದೊಡ್ಡ ಬೆಟ್ಟವೇನಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯಾದ ಐಎಂಒ, ಹಡಗಿನ ಸಂಭಾಷಣೆಗೆಂದೇ ಸಣ್ಣ ಸಣ್ಣ ವಾಕ್ಯಗಳನ್ನು ಗೊತ್ತುಮಾಡಿ ಎಸ್‌ಎಂಸಿಪಿ ಎಂಬ ಹೆಸರಿನಲ್ಲಿ ಕೊಟ್ಟಿದೆ. ದಿನಕ್ಕೆ ಹದಿನೈದು ನಿಮಿಷ ಅವನ್ನು ಗಟ್ಟಿಯಾಗಿ ಓದಿ. ಇಬ್ಬರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು: ಒಬ್ಬರು ‘ಸ್ಟಾರ್‌ಬೋರ್ಡ್ ಟೆನ್’ (ಚುಕ್ಕಾಣಿ ಬಲಕ್ಕೆ ಹತ್ತು ಡಿಗ್ರಿ) ಎಂದು ಆದೇಶ ಕೊಡಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ, ಚುಕ್ಕಾಣಿ ತಿರುಗಿಸಿದಂತೆ ಕೈ ಮಾಡಿ, ‘ವೀಲ್ ಈಸ್ ಸ್ಟಾರ್‌ಬೋರ್ಡ್ ಟೆನ್’ ಎಂದು ವರದಿ ಕೊಡಬೇಕು. ಕೇಳಿದ್ದು, ತಿರುಗಿ ಹೇಳಿದ್ದು, ಮಾಡಿದ್ದು, ಮಾಡಿದೆ ಎಂದದ್ದು, ಈ ನಾಲ್ಕರಲ್ಲಿ ಒಂದು ಬಿಟ್ಟರೂ ಹಡಗಿನಲ್ಲಿ ಆದೇಶ ಪೂರ್ಣವಾಗಿಲ್ಲ ಎಂದೇ ಲೆಕ್ಕ. 1987ರಲ್ಲಿ ಬೆಲ್ಜಿಯಂನ ಜೀಬ್ರುಗೆ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗಿನ ಮುಂಭಾಗದ ಬಾಗಿಲು ತೆರೆದೇ ಇತ್ತು. ಮುಚ್ಚಿದೆ ಎಂಬ ವರದಿ ಬ್ರಿಜ್‌ಗೆ ಬರುವ ಪದ್ಧತಿ ಇರಲಿಲ್ಲ, ಬರದಿದ್ದರೆ ಎಲ್ಲ ಸರಿ ಎಂದುಕೊಂಡು ಹೊರಟರು. 193 ಜನ ಸತ್ತರು.

ಈಜು ಕಲಿಯಿರಿ, ಆದರೆ ಭದ್ರಾ ನಾಲೆಯಲ್ಲಿ ಬೇಡ. ನಾಲೆಯ ಅಂಚು ಇಳಿಜಾರಿನ ಕಾಂಕ್ರೀಟ್, ಪಾಚಿ ಕಟ್ಟಿರುತ್ತದೆ, ಹಿಡಿಯಲು ಏನೂ ಇರುವುದಿಲ್ಲ, ನೀರಿನ ಸೆಳೆತ ಮೇಲೆ ಕಾಣುವುದಕ್ಕಿಂತ ಜೋರು. ಸೂಳೆಕೆರೆ, ವಾಣಿವಿಲಾಸ ಸಾಗರ, ಹರಿಹರದ ಹೊಳೆಯೂ ಕಲಿಯುವ ಜಾಗವಲ್ಲ. ಕೋಚ್ ಇರುವ ಈಜುಕೊಳದಲ್ಲಿ ಕಲಿಯಿರಿ. ಗುರಿ ವೇಗವಲ್ಲ. ಬಟ್ಟೆ ತೊಟ್ಟುಕೊಂಡೇ ಹತ್ತು ನಿಮಿಷ ತೇಲಿ ನಿಲ್ಲುವುದು, ಎತ್ತರದಿಂದ ಮೂಗು ಮುಚ್ಚಿ ಕಾಲು ಕೆಳಗಾಗಿ ಹಾರುವುದು, ಮುಖಕ್ಕೆ ನೀರು ಹೊಡೆದರೂ ಗಾಬರಿಯಾಗದಿರುವುದು. ಮುಂದೆ ತರಬೇತಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಹಾರಬೇಕು, ಮಗುಚಿದ ತೆಪ್ಪವನ್ನು ನೀರಿನಲ್ಲಿದ್ದುಕೊಂಡೇ ನೆಟ್ಟಗೆ ಮಾಡಬೇಕು.

ದಮ್ಮಿಗೆ ಕೋಟೆಯ ಮೆಟ್ಟಿಲು, ಜೋಗಿಮಟ್ಟಿಯ ಏರು ಸಾಕು. ಗುಟ್ಕಾ, ತಂಬಾಕು ಅಡಿಕೆ ರೂಢಿ ಇದ್ದರೆ ಈಗಲೇ ಬಿಡಿ. ಸಿಂಗಾಪುರದಂಥ ಬಂದರಿನಲ್ಲಿ ಜಗಿಯುವ ತಂಬಾಕು ಇಟ್ಟುಕೊಳ್ಳುವುದೇ ಅಪರಾಧ. ಇನ್ನೊಂದು ಸಂಗತಿ ಅಮ್ಮಂದಿರಿಗೆ ಹೇಳಬೇಕು: ಪಾಯಸಕ್ಕೆ ಎಂದು ಗಸಗಸೆ ಕಟ್ಟಿ ಕಳುಹಿಸಬೇಡಿ. ಯುಎಇಯಲ್ಲಿ ಗಸಗಸೆ ನಿಷಿದ್ಧ ವಸ್ತು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆಗಳನ್ನೂ ವೈದ್ಯರ ಚೀಟಿ ಮತ್ತು ಕಂಪನಿಯ ಒಪ್ಪಿಗೆ ಇಲ್ಲದೆ ಒಯ್ಯಬೇಡಿ.

ವಾಚ್: ನೋಡು, ಅಳೆ, ತಿರುಗಿಸು

ವಾಚ್ ಅಂದರೆ ಬ್ರಿಜ್‌ನಲ್ಲಿ ನಿಂತು ಹಡಗು ನೋಡಿಕೊಳ್ಳುವ ಪಾಳಿ. ಡೆಕ್ ಕೆಡೆಟ್ ಆಗಿ, ಅಂದರೆ ತರಬೇತಿಯ ಅಧಿಕಾರಿಯಾಗಿ, ಹೋಗುವವರು ಚೆನ್ನಾಗಿ ಅರಗಿಸಿಕೊಳ್ಳಬೇಕಾದ ಭಾಗ ಇದು. ಸಮುದ್ರದ ರಸ್ತೆ ನಿಯಮಗಳಿಗೆ ಕಾಲ್‌ರೆಗ್ ಎನ್ನುತ್ತಾರೆ, 1972ರ ಒಪ್ಪಂದ. ಅದರ 8ನೇ ನಿಯಮ ಡಿಕ್ಕಿ ತಪ್ಪಿಸುವ ಕ್ರಮ ಹೇಗಿರಬೇಕು ಎಂದು ಹೇಳುತ್ತದೆ: ಸಾಕಷ್ಟು ಮುಂಚೆ ಆಗಬೇಕು, ದೃಢವಾಗಿರಬೇಕು, ಎದುರಿನವರಿಗೆ ಕಂಡುಬರುವಷ್ಟು ದೊಡ್ಡದಾಗಿರಬೇಕು.

ಮುಂಚೆ ಅಂದರೆ ಎಷ್ಟು? ಲೆಕ್ಕ ಹಾಕಿ. ಎರಡು ಹಡಗುಗಳು ತಲಾ 15 ನಾಟ್ ವೇಗದಲ್ಲಿ ಎದುರುಬದುರು ಬರುತ್ತಿದ್ದರೆ ನಡುವಿನ ಅಂತರ ನಿಮಿಷಕ್ಕೆ ಅರ್ಧ ನಾಟಿಕಲ್ ಮೈಲಿಯಂತೆ ಕರಗುತ್ತದೆ. ಒಂದು ನಾಟಿಕಲ್ ಮೈಲಿ 1,852 ಮೀಟರ್, ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗವೇ ಒಂದು ನಾಟ್. 12 ಮೈಲಿಯಲ್ಲಿ ರಾಡಾರ್‌ನಲ್ಲಿ ಕಂಡರೆ 24 ನಿಮಿಷ ಇದೆ. ದೊಡ್ಡ ಹಡಗಿನ ಮಾಸ್ಟ್‌ನ ಬಿಳಿ ದೀಪ ನಿಯಮದ ಪ್ರಕಾರ ಕನಿಷ್ಠ 6 ಮೈಲಿಗೆ ಕಾಣಬೇಕು, ಆಗ ಉಳಿದದ್ದು 12 ನಿಮಿಷ. ಪಕ್ಕದ ಕೆಂಪು, ಹಸಿರು ದೀಪಕ್ಕೆ ನಿಯಮ ಹೇಳುವ ದೂರ 3 ಮೈಲಿ, ಅಂದರೆ 6 ನಿಮಿಷ. ಬಣ್ಣ ಕಾಣಲಿ ಆಮೇಲೆ ನೋಡೋಣ ಎಂದು ಕಾಯುವವನ ಕೈಯಲ್ಲಿ ಉಳಿಯುವುದು ಅಷ್ಟೇ. ಇನ್ನು ನಿಲ್ಲಿಸುವ ಮಾತು. ರಾಷ್ಟ್ರೀಯ ಹೆದ್ದಾರಿ 48ರ ಲಾರಿಯಂತೆ ಬ್ರೇಕ್ ತುಳಿದು ಹಡಗು ನಿಲ್ಲಿಸಲಾಗದು. ಇಂಜಿನ್ ಪೂರ್ತಿ ಹಿಂದಕ್ಕೆ ತಿರುಗಿಸಿದರೆ ತನ್ನ ಉದ್ದದ 15 ಪಟ್ಟಿನೊಳಗೆ ನಿಲ್ಲಬೇಕು ಎನ್ನುವುದು ಐಎಂಒ ಮಾನದಂಡ. 300 ಮೀಟರ್ ಹಡಗಿಗೆ ಅದು ನಾಲ್ಕೂವರೆ ಕಿಲೋಮೀಟರ್. ಹಾಗಾಗಿ ತೆರೆದ ಸಮುದ್ರದಲ್ಲಿ ಮೊದಲ ಆಯ್ಕೆ ಸಾಮಾನ್ಯವಾಗಿ ತಿರುಗಿಸುವುದು.

ಕ್ರಮ ಹೀಗಿರಲಿ:

1. ರಾತ್ರಿ ವಾಚ್ ಇದ್ದರೆ ಅರ್ಧ ಗಂಟೆ ಮುಂಚೆ ಬ್ರಿಜ್‌ಗೆ ಬನ್ನಿ. ಬೆಳಕಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಅಷ್ಟರೊಳಗೆ ವಾಚ್ ವಹಿಸಿಕೊಂಡರೆ ಮೀನುಗಾರಿಕೆ ದೋಣಿಯ ಸಣ್ಣ ದೀಪ ಕಾಣುವುದಿಲ್ಲ. ಮಂಗಳೂರು, ಗೋವಾ ಕರಾವಳಿಯ ಮುಂದೆ ಅಂಥ ದೋಣಿಗಳು ರಾತ್ರಿಯಿಡೀ ಇರುತ್ತವೆ.

2. ಮೊದಲು ಕಿಟಕಿಯಿಂದ ಸುತ್ತ ನೋಡಿ, ಆಮೇಲೆ ರಾಡಾರ್, ಆಮೇಲೆ ಎಐಎಸ್ (ಹಡಗುಗಳು ತಮ್ಮ ಹೆಸರು, ಸ್ಥಾನವನ್ನು ತಾವೇ ಬಿತ್ತರಿಸುವ ಸಾಧನ). ಈ ಕ್ರಮ ತಿರುಗಿಸಬೇಡಿ. ಎಐಎಸ್ ಇಲ್ಲದ ದೋಣಿಗಳೇ ಹೆಚ್ಚು ಅಪಾಯಕಾರಿ.

3. ಹತ್ತಿರವಾಗುತ್ತಿರುವ ಪ್ರತಿ ಹಡಗಿನ ಕಂಪಾಸ್ ಬೇರಿಂಗ್, ಅಂದರೆ ದಿಕ್ಸೂಚಿಯಲ್ಲಿ ಅದು ಕಾಣುವ ಕೋನ, ತೆಗೆದು ಬರೆಯಿರಿ. ಎರಡು ಮೂರು ನಿಮಿಷ ಬಿಟ್ಟು ಮತ್ತೆ, ಇನ್ನೊಮ್ಮೆ. ಬೇರಿಂಗ್ ಬದಲಾಗುತ್ತಿಲ್ಲ, ದೂರ ಕಡಿಮೆಯಾಗುತ್ತಿದೆ ಅಂದರೆ ಡಿಕ್ಕಿಯ ದಾರಿಯಲ್ಲಿದ್ದೀರಿ. ಬಹಳ ದೊಡ್ಡ ಹಡಗು, ಎಳೆದೊಯ್ಯುವ ಟಗ್, ಅಥವಾ ತೀರ ಹತ್ತಿರದ ಹಡಗಾದರೆ ಬೇರಿಂಗ್ ಬದಲಾಗುತ್ತಿದ್ದರೂ ಅಪಾಯ ಇರಬಹುದು. ಅನುಮಾನ ಬಂದರೆ ಅಪಾಯ ಇದೆ ಎಂದೇ ತಿಳಿಯಬೇಕು ಎನ್ನುತ್ತದೆ ನಿಯಮ.

4. ದಾರಿ ಬಿಡಬೇಕಾದವರು ಯಾರು ನೋಡಿ. ಎದುರುಬದುರಾದರೆ ಇಬ್ಬರೂ ಬಲಕ್ಕೆ, ಅಂದರೆ ಸ್ಟಾರ್‌ಬೋರ್ಡ್‌ಗೆ. ಅಡ್ಡ ದಾಟುವಾಗ ಯಾರ ಬಲಬದಿಯಲ್ಲಿ ಇನ್ನೊಂದು ಹಡಗು ಕಾಣುತ್ತದೋ ಅವರು ಬಿಡಬೇಕು, ಮತ್ತು ಅದರ ಮುಂದಿನಿಂದ ದಾಟಬಾರದು. ಹಿಂದಿನಿಂದ ಬಂದು ದಾಟುವವರು ಮುಂದಿನವರಿಗೆ ಬಿಡಬೇಕು.

5. ನೀವೇ ಬಿಡಬೇಕಾದವರಾದರೆ ಒಂದೇ ಸಲಕ್ಕೆ 30 ಡಿಗ್ರಿ ಅಥವಾ ಹೆಚ್ಚು ತಿರುಗಿಸಿ.

6. ತಿರುಗಿಸಿ ಮುಗಿಯಿತು ಎಂದು ಚಾರ್ಟ್ ಮೇಜಿಗೆ ಹೋಗಬೇಡಿ. ಬೇರಿಂಗ್ ಸರಿಯುತ್ತಿದೆಯೇ ನೋಡಿ. ಆ ಹಡಗು ಪೂರ್ತಿ ಹಿಂದಾಗುವ ತನಕ ಹಳೆಯ ದಿಕ್ಕಿಗೆ ಮರಳಬೇಡಿ.

ಹೊಸಬರು ಹೆಚ್ಚು ಎಡವುವುದು ಐದನೆಯದರಲ್ಲಿ. 5 ಡಿಗ್ರಿ ತಿರುಗಿಸುತ್ತಾರೆ, ನೋಡುತ್ತಾರೆ, ಇನ್ನೊಂದು 5 ತಿರುಗಿಸುತ್ತಾರೆ. ಎದುರಿನ ರಾಡಾರ್‌ನಲ್ಲಿ ಇದು ತಿರುವು ಎಂದೇ ತೋರುವುದಿಲ್ಲ. ರಾತ್ರಿ ಹೊತ್ತು ನಿಮ್ಮ ದೀಪಗಳ ಜೋಡಣೆಯೂ ಅವರಿಗೆ ಬದಲಾದಂತೆ ಕಾಣುವುದಿಲ್ಲ. ಇವರು ಏನೂ ಮಾಡುತ್ತಿಲ್ಲ ಎಂದುಕೊಂಡು ಅವರು ತಮ್ಮದೇ ಲೆಕ್ಕದಲ್ಲಿ ಎಡಕ್ಕೆ ತಿರುಗಿಸಿದರೆ ಇಬ್ಬರೂ ಒಂದೇ ಜಾಗಕ್ಕೆ ಬರುತ್ತಾರೆ. ಸಣ್ಣ ಸಣ್ಣ ತಿರುವುಗಳ ಸರಣಿ ಬೇಡ ಎಂದು ನಿಯಮದಲ್ಲೇ ಬರೆದಿರುವುದು ಇದಕ್ಕೇ. ವಿಎಚ್‌ಎಫ್ ರೇಡಿಯೊದಲ್ಲಿ ಚೌಕಾಸಿಗೆ ಇಳಿಯುವುದೂ ಇದೇ ಜಾತಿಯ ತಪ್ಪು. ಮಾತು ಮುಗಿಯುವಷ್ಟರಲ್ಲಿ ಮೂರು ನಿಮಿಷ, ಒಂದೂವರೆ ಮೈಲಿ ಹೋಗಿರುತ್ತದೆ, ಉತ್ತರ ಕೊಟ್ಟವರು ಬೇರೆಯದೇ ಹಡಗಿನವರು ಇರಬಹುದು.

ದಾರಿ ನಿಮ್ಮದು, ಎದುರಿನವರು ಬಿಡುತ್ತಿಲ್ಲ ಅಂದರೆ? 17ನೇ ನಿಯಮ ಹಂತ ಹಂತವಾಗಿ ಹೇಳುತ್ತದೆ. ಮೊದಲು ದಿಕ್ಕು, ವೇಗ ಬದಲಿಸದೆ ಇರಿ. ಅವರ ನಡೆ ಅನುಮಾನ ಹುಟ್ಟಿಸಿದ ಕೂಡಲೇ ಐದು ಅಥವಾ ಹೆಚ್ಚು ಚಿಕ್ಕ, ತ್ವರಿತ ಸೀಟಿ ಹಾಕಿ (ಇದು 34ನೇ ನಿಯಮ), ಬೇಕಾದರೆ ದೀಪವನ್ನೂ ಹಾಗೆಯೇ ಮಿನುಗಿಸಿ. ಅವರು ತಮ್ಮ ಕರ್ತವ್ಯ ಮಾಡುತ್ತಿಲ್ಲ ಎಂದು ಸ್ಪಷ್ಟವಾದರೆ ನೀವೇ ಕ್ರಮ ತೆಗೆದುಕೊಳ್ಳಬಹುದು. ಅವರೊಬ್ಬರ ಕ್ರಮದಿಂದ ಡಿಕ್ಕಿ ತಪ್ಪದಷ್ಟು ಹತ್ತಿರವಾದರೆ ತೆಗೆದುಕೊಳ್ಳಲೇಬೇಕು. ಎಡಬದಿಯಲ್ಲಿರುವ ಹಡಗಿಗಾಗಿ ಎಡಕ್ಕೆ ತಿರುಗಿಸುವುದನ್ನು ಆದಷ್ಟು ತಪ್ಪಿಸಿ. ದಾರಿ ನನ್ನದು ಎಂಬ ಹಠ ಡಿಕ್ಕಿಯನ್ನು ತಪ್ಪಿಸುವುದಿಲ್ಲ. ಮಂಜು, ಜೋರು ಮಳೆಯಲ್ಲಿ ಪರಸ್ಪರ ಕಣ್ಣಿಗೆ ಕಾಣದಿದ್ದಾಗ ಈ ‘ದಾರಿ ನಿನ್ನದು, ನನ್ನದು’ ಲೆಕ್ಕವೇ ಇಲ್ಲ. ಅಲ್ಲಿ 19ನೇ ನಿಯಮ, ಅದನ್ನು ಪ್ರತ್ಯೇಕವಾಗಿ ಓದಿ.

ಕ್ಯಾಪ್ಟನ್‌ರನ್ನು ಎಬ್ಬಿಸುವುದು

ಹಿರಿಯರ ನಿದ್ದೆ ಕೆಡಿಸಬಾರದು ಎಂದು ಬೆಳೆದವರು ನಾವು. ಹಡಗಿನಲ್ಲಿ ಆ ಸಂಕೋಚ ಬೇಡ. ಪ್ರತಿ ಕ್ಯಾಪ್ಟನ್ ತಮ್ಮ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಯಾವಾಗ ಕರೆಯಬೇಕು ಎಂದು ಬರೆದಿರುತ್ತಾರೆ. ಇಷ್ಟು ಮೈಲಿಗಿಂತ ಹತ್ತಿರದಿಂದ ಹಡಗು ಹಾಯುವಂತಿದ್ದರೆ, ದೂರ ಕಾಣದಂತಾದರೆ, ಇಂಜಿನ್ ಅಥವಾ ಚುಕ್ಕಾಣಿಯಲ್ಲಿ ದೋಷ ಬಂದರೆ, ಯಾವುದೇ ಅನುಮಾನ ಬಂದರೆ. ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಕೆಡೆಟ್ ಮೊದಲು ವಾಚ್ ಅಧಿಕಾರಿಗೆ ಹೇಳಬೇಕು, ಹೇಳುವುದು ಹೀಗೆ: ಏನು ಕಂಡಿತು, ಯಾವ ಬೇರಿಂಗ್, ಎಷ್ಟು ದೂರ, ಎಷ್ಟು ನಿಮಿಷದಲ್ಲಿ ಎಷ್ಟು ಹತ್ತಿರ ಬರುತ್ತದೆ. ‘ಸರ್, ಏನೋ ಕಾಣಿಸ್ತಿದೆ’ ಎಂದರೆ ಅದು ವರದಿಯಲ್ಲ.

ತಡವಾದ ಆದೇಶದ ಬೆಲೆ ಏನು ಎಂಬುದಕ್ಕೆ 2012ರ ಜನವರಿ 13ರ, ಇಟಲಿಯ ಪ್ರಯಾಣಿಕ ಹಡಗು ‘ಕೋಸ್ಟಾ ಕಾಂಕಾರ್ಡಿಯಾ’ದ ದುರಂತ ಇದೆ. ಬಂಡೆಗೆ ಬಡಿದ ಮೇಲೆ ಹಡಗು ತೊರೆಯುವ ಆದೇಶ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. 32 ಜನ ಸತ್ತರು.

ಇಳಿಯದಿರುವುದೇ ಕ್ರಮವಾದ ಜಾಗ

ಟ್ಯಾಂಕ್, ಮುಚ್ಚಿದ ಕಾರ್ಗೋ ಹೋಲ್ಡ್, ಆಂಕರ್ ಸರಪಳಿ ಕೂರುವ ಚೈನ್ ಲಾಕರ್. ತುಕ್ಕು ಹಿಡಿಯುವ ಕಬ್ಬಿಣ, ಕಲ್ಲಿದ್ದಲು, ಮರದ ಸರಕು, ಇವೆಲ್ಲ ಗಾಳಿಯಲ್ಲಿನ ಆಮ್ಲಜನಕ ಹೀರುತ್ತವೆ. ಹೊರಗಿನ ಗಾಳಿಯಲ್ಲಿ ಅದು ಶೇ. 20.9. ಒಳಗೆ ತೀರ ಕಡಿಮೆಯಾಗಿದ್ದರೆ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ಹೋಗುತ್ತದೆ. ವಾಸನೆ ಇಲ್ಲ, ಕೆಮ್ಮು ಇಲ್ಲ, ಎಚ್ಚರಿಕೆ ಇಲ್ಲ. ನಮ್ಮ ಊರುಗಳ ಪಾಳುಬಾವಿ, ಮ್ಯಾನ್‌ಹೋಲ್‌ಗಳಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸಾಯುವುದೂ ಇಂಥದೇ ಗಾಳಿಯಿಂದ.

ಇಳಿಯುವ ಮುಂಚೆ ಗಾಳಿ ಆಡಿಸಬೇಕು. ಮೇಲೆ, ನಡುವೆ, ತಳದಲ್ಲಿ ಮೀಟರ್ ಇಳಿಬಿಟ್ಟು ಅಳೆಯಬೇಕು. ಲಿಖಿತ ಅನುಮತಿ ಬೇಕು, ಬಾಗಿಲಲ್ಲಿ ರೇಡಿಯೊ ಹಿಡಿದು ಒಬ್ಬರು ನಿಲ್ಲಬೇಕು. ಬಾಗಿಲಲ್ಲಿ ನಿಲ್ಲುವ ಆ ಕೆಲಸ ಹೆಚ್ಚಾಗಿ ಕೆಡೆಟ್‌ಗೇ ಬರುತ್ತದೆ. ಆಗ ಒಳಗಿನವರು ಕುಸಿದುಬಿದ್ದರೆ ನಿಮ್ಮ ಕೆಲಸ ಒಂದೇ: ಅಲಾರಾಂ ಕೊಡುವುದು, ಅಲ್ಲೇ ನಿಲ್ಲುವುದು. ಕೆಳಗೆ ಬಿದ್ದವರು ನಿನ್ನೆ ನಿಮಗೆ ಊಟ ಬಡಿಸಿದ ಅಣ್ಣನೇ ಇರಬಹುದು, ಕಾಲು ತಾನಾಗಿ ಏಣಿಯ ಕಡೆ ಹೋಗುತ್ತದೆ. ಹೋಗಬಾರದು. ಹೋದರೆ ರಕ್ಷಣಾ ತಂಡ ಒಬ್ಬರ ಬದಲು ಇಬ್ಬರನ್ನು ಎತ್ತಬೇಕಾಗುತ್ತದೆ. ಗೋಡೆಯಲ್ಲಿ ತೂಗುಹಾಕಿದ ಇಇಬಿಡಿ ಎಂಬ ಉಸಿರಾಟದ ಸಾಧನ ತೊಟ್ಟು ಇಳಿಯಬಹುದು ಅಂದುಕೊಳ್ಳುವುದು ಇನ್ನೊಂದು ಮಾರಕ ತಪ್ಪು. ಅದರಲ್ಲಿ ಇರುವುದು ಹತ್ತು ನಿಮಿಷದ ಆಸುಪಾಸಿನ ಗಾಳಿ, ಅದೂ ಹೊಗೆಯಿಂದ ತಪ್ಪಿಸಿಕೊಂಡು ಓಡಲು ಮಾತ್ರ. ಒಳಗೆ ಹೋಗಲು ಬೇಕಾದದ್ದು ಬೆನ್ನಿಗೆ ಸಿಲಿಂಡರ್ ಕಟ್ಟುವ ಎಸ್‌ಸಿಬಿಎ, ಅದನ್ನು ತರಬೇತಾದ ತಂಡ ತರುತ್ತದೆ. ಎರಡು ತಿಂಗಳಿಗೊಮ್ಮೆ ಈ ಡ್ರಿಲ್ ಕಡ್ಡಾಯ. ಅದನ್ನು ಫೋಟೊಗೆ ಮಾಡುವ ಹಡಗಿನಲ್ಲೂ ನೀವು ನಿಜವಾಗಿ ಮಾಡಿ.

ನೀರಿಗೆ ಬಿದ್ದವರು, ಬೆಂಕಿ

ಯಾರಾದರೂ ನೀರಿಗೆ ಬಿದ್ದದ್ದನ್ನು ಕಂಡರೆ ಮೊದಲು ಯಾವ ಬದಿ ಎಂದು ಕೂಗಿ, ಲೈಫ್‌ಬಾಯ್ (ತೇಲುವ ಬಳೆ) ಎಸೆಯಿರಿ, ಕೈ ತೋರಿಸುತ್ತಾ ನಿಲ್ಲಿ. ಕಣ್ಣು ತೆಗೆಯಬೇಡಿ. ಅಲೆಗಳ ನಡುವೆ ಒಂದು ತಲೆ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಬ್ರಿಜ್‌ನಲ್ಲಿ ಬಿದ್ದ ಜಾಗ ಗುರುತಿಸಲು ಜಿಪಿಎಸ್‌ನ ಎಂಒಬಿ ಗುಂಡಿ ಒತ್ತುತ್ತಾರೆ, ಮೂರು ಉದ್ದ ಸೀಟಿ ಹಾಕುತ್ತಾರೆ, ಬಿದ್ದ ಬದಿಗೇ ಚುಕ್ಕಾಣಿ ಪೂರ್ತಿ ತಿರುಗಿಸುತ್ತಾರೆ. ದಿಕ್ಕು 60 ಡಿಗ್ರಿ ಬದಲಾದ ಮೇಲೆ ವಿರುದ್ಧ ಬದಿಗೆ ಪೂರ್ತಿ, ಬಂದ ದಾರಿಯ ನೇರ ವಿರುದ್ಧ ದಿಕ್ಕಿಗೆ 20 ಡಿಗ್ರಿ ಉಳಿದಾಗ ಚುಕ್ಕಾಣಿ ನಡುವಿಗೆ. ಇದಕ್ಕೆ ವಿಲಿಯಮ್ಸನ್ ಟರ್ನ್ ಎಂದು ಹೆಸರು. ಹಡಗು ತನ್ನದೇ ಹಳೆಯ ಜಾಡಿಗೆ ಮರಳುತ್ತದೆ.

ಬೆಂಕಿಯಲ್ಲಿ ಹೊಸಬರ ತಪ್ಪು ಒಬ್ಬರೇ ಆರಿಸಲು ಹೊರಡುವುದು. ಮೊದಲು ಅಲಾರಾಂ, ಆಮೇಲೆ ಬೆಂಕಿಗೂ ಗಾಳಿಗೂ ನಡುವಿನ ಬಾಗಿಲು ಮುಚ್ಚುವುದು, ಆಮೇಲೆ ಚಿಕ್ಕದಿದ್ದರೆ ಎಕ್ಸ್‌ಟಿಂಗ್ವಿಶರ್. ಇಂಜಿನ್ ರೂಮ್‌ನಲ್ಲಿ ಬೆಂಕಿಗೆ ದೊಡ್ಡ ಕಾರಣ ಸೋರಿದ ಎಣ್ಣೆ ಬಿಸಿ ಪೈಪಿನ ಮೇಲೆ ಬೀಳುವುದು. 220 ಡಿಗ್ರಿ ಸೆಲ್ಸಿಯಸ್ ಮೀರುವ ಮೇಲ್ಮೈಗಳಿಗೆ ಹೊದಿಕೆ ಇರಲೇಬೇಕು. ದುರಸ್ತಿಗೆ ಬಿಚ್ಚಿದ ಹೊದಿಕೆಯನ್ನು ಅದೇ ದಿನ ಕಟ್ಟುವುದು ಇಂಜಿನ್ ಕೆಡೆಟ್ ಕಲಿಯಬೇಕಾದ ಮೊದಲ ಶಿಸ್ತು. ಎರಡನೆಯದು, ಅಲಾರಾಂ ಹೊಡೆದರೆ ಏನೆಂದು ಓದದೆ ಸದ್ದು ಅಡಗಿಸಬಾರದು.

ಅದಿರಿನ ಊರಿನವರಿಗೆ

ಭೀಮಸಮುದ್ರ, ಹೊಳಲ್ಕೆರೆ ಕಡೆಯವರಿಗೆ ಕಬ್ಬಿಣದ ಅದಿರಿನ ಪುಡಿ ಹೊಸದಲ್ಲ. ಅದೇ ಪುಡಿ ತೇವ ಹೆಚ್ಚಿದ್ದು ಹಡಗಿನ ಹೊಟ್ಟೆಗೆ ಬಿದ್ದರೆ, ಇಂಜಿನ್ ನಡುಕ ಮತ್ತು ಅಲೆಯ ಹೊಡೆತಕ್ಕೆ ಕೆಸರಾಗಿ ಒಂದು ಬದಿಗೆ ಹರಿದು ಹಡಗನ್ನೇ ಮಗುಚುತ್ತದೆ. 2009ರ ಜುಲೈನಲ್ಲಿ ‘ಏಷ್ಯನ್ ಫಾರೆಸ್ಟ್’ ನವಮಂಗಳೂರಿನ ಹೊರಗೆ, ಸೆಪ್ಟೆಂಬರ್‌ನಲ್ಲಿ ‘ಬ್ಲ್ಯಾಕ್ ರೋಸ್’ ಒಡಿಶಾದ ಪಾರಾದೀಪ್‌ನ ಹೊರಗೆ ಮುಳುಗಿದ್ದು ಅದಿರಿನ ಪುಡಿ ಹೊತ್ತೇ. ಎರಡೂ ಮಳೆಗಾಲದಲ್ಲಿ.

ಸರಕಿನ ತೇವಾಂಶ ಟಿಎಂಎಲ್ ಎಂಬ ಮಿತಿಯೊಳಗೆ ಇದೆ ಎಂಬ ಪತ್ರ ಸಾಗಣೆದಾರರು ಕೊಡಬೇಕು. ಹಡಗಿನಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅರ್ಧದಿಂದ ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ, ಸುಮಾರು 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಒಂದೆರಡು ಸೆಕೆಂಡಿಗೊಮ್ಮೆ 25 ಸಲ ಕುಟ್ಟಿ. ಮೇಲೆ ನೀರು ಒಸರಿದರೆ ಅಥವಾ ಕೆಸರಿನಂತಾದರೆ ಲೋಡಿಂಗ್ ನಿಲ್ಲಿಸಿ, ಪ್ರಯೋಗಾಲಯಕ್ಕೆ ಕಳುಹಿಸಬೇಕು. ಒಸರದಿದ್ದರೆ ಸುರಕ್ಷಿತ ಎಂದು ಅರ್ಥವಲ್ಲ, ಪತ್ರ ಆಗಲೂ ಬೇಕು. ನಿಲ್ಲಿಸುವ ಅಧಿಕಾರ ಕ್ಯಾಪ್ಟನ್‌ಗಿದೆ. ಒಸರಿದ ನೀರನ್ನು ಮೊದಲು ಕಂಡು, ಸರಕಿನ ಹೊಣೆ ಹೊತ್ತ ಅಧಿಕಾರಿಯಾದ ಚೀಫ್ ಮೇಟ್‌ಗೆ ಹೇಳುವ ಕಣ್ಣು ಡೆಕ್ ಮೇಲಿರುವ ಕೆಡೆಟ್‌ದಾಗಿರಬಹುದು.

ನಿದ್ದೆ, ಫೋನ್, ಪುಸ್ತಕ

ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ನಿಯಮ. ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು 6 ಗಂಟೆಗೆ ಕಡಿಮೆ ಇರಬಾರದು. ಆ ಆರು ಗಂಟೆಯಲ್ಲಿ ಫೋನ್ ಇನ್ನೊಂದು ಮೂಲೆಯಲ್ಲಿರಲಿ. 12ರಿಂದ 4ರ ವಾಚ್ ಬಿದ್ದರೆ ಮಧ್ಯಾಹ್ನ, ಮಧ್ಯರಾತ್ರಿ ಎರಡೂ ನಿಮ್ಮದೇ. ಪೋರ್ಟ್‌ಹೋಲ್‌ಗೆ ಪರದೆ ಹಾಕಿ, ರೂಮಿನವರಿಗೆ ಹೇಳಿ ಮಲಗಿ. ವಿಶ್ರಾಂತಿಯ ಗಂಟೆಗಳನ್ನು ಇದ್ದಂತೆ ಬರೆಯಿರಿ. ಬರೆಸುವವರು ಸುಳ್ಳು ಬರೆ ಎಂದರೆ ಅದು ಮುಂದೆ ನಿಮ್ಮ ಸಹಿಯ ಮೇಲೆಯೇ ಬರುತ್ತದೆ.

ಬ್ರಿಜ್ ಮತ್ತು ಡೆಕ್ ಕೆಲಸಕ್ಕೆ ಫೋನ್ ಒಯ್ಯಬೇಡಿ. 2020ರ ಜುಲೈ 25ರಂದು ‘ವಾಕಾಶಿಯೊ’ ಎಂಬ ಸರಕು ಹಡಗು ಮಾರಿಷಸ್‌ನ ಹವಳದ ದಿಬ್ಬಕ್ಕೆ ಹತ್ತಿದ್ದು ಮೊಬೈಲ್ ಸಿಗ್ನಲ್‌ಗಾಗಿ ದಡದ ಹತ್ತಿರ ಸರಿದಾಗ. ಸಮುದ್ರಕ್ಕೆ ಸುಮಾರು 1,000 ಟನ್ ಎಣ್ಣೆ ಸೋರಿತು.

ತರಬೇತಿಯ ದಾಖಲೆಗೆ ಡೆಕ್ ಕೆಡೆಟ್‌ಗೆ ಎಸ್‌ಎಸ್‌ಟಿಪಿ ಕಡತ, ಇಂಜಿನ್ ಕೆಡೆಟ್‌ಗೆ ಟಾರ್ ಬುಕ್ ಇರುತ್ತದೆ. ಕೆಲಸ ಮಾಡಿದ ವಾರದಲ್ಲೇ ಆ ಅಧಿಕಾರಿಯ ಸಹಿ ಹಾಕಿಸಿ, ಅವರು ಮುಂದಿನ ಬಂದರಿನಲ್ಲಿ ಇಳಿದು ಹೋಗಬಹುದು. ನೀವು ಇಳಿಯುವ ದಿನ ಗ್ಯಾಂಗ್‌ವೇಗೆ (ಹಡಗಿನಿಂದ ಇಳಿಯುವ ಮೆಟ್ಟಿಲಿಗೆ) ಬರುವ ಮುಂಚೆ ಮೂರನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ: ಸಿಡಿಸಿಯಲ್ಲಿ ಹತ್ತಿದ ಮತ್ತು ಇಳಿದ ದಿನಾಂಕ, ಕ್ಯಾಪ್ಟನ್ ಸಹಿ ಇರುವ ಸಮುದ್ರ ಸೇವೆಯ ಪ್ರಮಾಣಪತ್ರ, ತರಬೇತಿ ಪುಸ್ತಕದ ಪ್ರತಿ ಪುಟದ ಮೊಹರು. ದಿನಾಂಕ ಒಂದು ದಿನ ಹಿಂದೆ ಮುಂದೆ ಆಗಿದ್ದರೂ ಅಲ್ಲೇ ತಿದ್ದಿಸಿ. ದಾವಣಗೆರೆಗೆ ಬಂದ ಮೇಲೆ ಆ ಕ್ಯಾಪ್ಟನ್ ಯಾವ ಸಾಗರದಲ್ಲಿರುತ್ತಾರೋ ಹುಡುಕಬೇಕಾಗುತ್ತದೆ, ಅಷ್ಟರಲ್ಲಿ ಪರೀಕ್ಷೆಗೆ ಅರ್ಜಿ ಹಾಕುವ ಗಡುವು ಮುಗಿದಿರುತ್ತದೆ.